ಕಂಡ ಪುಟದ ಗುರುತು

ಹಲ್ಮಿಡಿ ಶಾಸನವನ್ನು ಕುರಿತು ವಿದ್ಯಾರ್ಥಿನಿಯೊಬ್ಬಳು ಬರೆದ ಪ್ರಬಂಧವೊಂದು ಹಿಂದೆ ನನ್ನ ಕೈಗೆ ಬಂದಿತ್ತು. ಶಾಸನದ ಕಾಲ ಕ್ರಿ.ಶ. 450 ಎಂದು ಬರೆದು, ಕೊನೆಯಲ್ಲಿ ‘ಆಧಾರ: ಗೂಗಲ್’ ಎಂದಿದ್ದಳು. ಆ ಕಾಲನಿರ್ಣಯದಲ್ಲಿ ವಿದ್ವಾಂಸರೆಲ್ಲರಿಗೂ ಒಮ್ಮತವಿಲ್ಲ. ಆಕೆ ಯಾರ ಮತವನ್ನು ಹಿಡಿದಳೆಂದು ತಿಳಿಯುವ ಬಗೆಯೇ ನನಗೆ ಕಾಣಲಿಲ್ಲ. ಗೂಗಲ್ ಪುಟವನ್ನು ಹುಡುಕಿಕೊಡುವ ಸಾಧನ, ಪುಟದ ಕರ್ತೃವಲ್ಲ.

ಅಂತರ್ಜಾಲದ ಆಧಾರಗಳನ್ನು ನಮೂದಿಸುವ ಕ್ರಮವನ್ನು ತಿಳಿಸುವ ಕೈಪಿಡಿಗಳು ಹಲವುಂಟು. ಭಾಷೆ, ಸಾಹಿತ್ಯಗಳ ಅಭ್ಯಾಸಿಗಳು ಹೆಚ್ಚಾಗಿ ಬಳಸುವುದು ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನ ಕೈಪಿಡಿಯನ್ನು. ಅದು ಮೊದಲು ಅಚ್ಚಾದದ್ದು 1977ರಲ್ಲಿ. ಅಂತರ್ಜಾಲದ ಮಾತು ಅದರಲ್ಲಿ ಹೇಗೆ ಬಂದೀತು? 2009ರ ಆವೃತ್ತಿಯು ಜಾಲವಿಳಾಸ ಕಡ್ಡಾಯವಲ್ಲವೆಂದಿತು. 2016ರ ಆವೃತ್ತಿಯು ಅದನ್ನು ಕೊಡುವುದೇ ಲೇಸೆಂದಿತು. ಆದುದರಿಂದ ಕೈಪಿಡಿಯನ್ನು ಆರಿಸುವಾಗ ಮೊದಲು ಆವೃತ್ತಿಯ ವರ್ಷವನ್ನು ನೋಡಬೇಕು. ಒಂಬತ್ತನೆಯ ಆವೃತ್ತಿ 2021ರಲ್ಲಿ ಹೊರಬಂದಿತು. ಪರ್ಡ್ಯೂ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇದರ ಕ್ರಮವನ್ನು ಉದಾಹರಣೆಗಳೊಡನೆ ಉಚಿತವಾಗಿ ಓದಬಹುದು. ಪ್ರೌಢಶಾಲೆಯ ಮಟ್ಟಕ್ಕೆ ಅಷ್ಟು ಸಾಕೆಂದೇ ನನ್ನ ಎಣಿಕೆ.

ಅಲ್ಪವಿರಾಮ ಎಲ್ಲಿ ಬೀಳಬೇಕೆಂಬ ಚರ್ಚೆ ಹಾಗಿರಲಿ. ಕರ್ತೃವಿನ ಹೆಸರಿಲ್ಲದ, ದಿನಾಂಕವಿಲ್ಲದ ಪುಟಕ್ಕೆ ಕೈಪಿಡಿ ಏನು ಹೇಳುತ್ತದೆ? ಅದನ್ನು ಪರೀಕ್ಷಿಸಿರಿ. ಈ ಕೈಪಿಡಿಯ ಪ್ರಕಾರ, ಹೆಸರಿಲ್ಲದಿದ್ದರೆ ಶೀರ್ಷಿಕೆಯಿಂದಲೇ ಆರಂಭಿಸಬೇಕು. ದಿನಾಂಕವಿಲ್ಲದಿದ್ದರೆ ನಾವು ಪುಟವನ್ನು ನೋಡಿದ ದಿನವನ್ನು ಸೇರಿಸಬಹುದು. ವಿಕಿಪೀಡಿಯದ ಲೇಖನಗಳು ತಿದ್ದುಪಡಿಗೊಳ್ಳುತ್ತಲೇ ಇರುವುದರಿಂದ, ಅಲ್ಲಿಯೇ ದೊರೆಯುವ ‘ಶಾಶ್ವತ ಕೊಂಡಿ’ಯನ್ನು ಕೊಡುವುದು ಕ್ಷೇಮ.

ಆ ವಿದ್ಯಾರ್ಥಿನಿ ಎರಡು ಸಂಜೆ ಹುಡುಕಿ ತಾನು ಓದಿದ್ದ ಪುಟವನ್ನು ಕಂಡುಹಿಡಿದಳು. ಅಲ್ಲಿ ವರ್ಷದ ಹಿಂದೆ ‘ಸುಮಾರು’ ಎಂಬ ಮಾತಿತ್ತು. ಪ್ರಬಂಧದಲ್ಲಿ ಅದು ಬಿಟ್ಟುಹೋಗಿತ್ತು.