ಬೀದರ್ ವಿಶ್ವವಿದ್ಯಾಲಯ: ಅನುದಾನದ ಪ್ರಶ್ನೆ ಮತ್ತು ಯುರೋಪಿನ ಭದ್ರತೆ

ಬೀದರ್ ವಿಶ್ವವಿದ್ಯಾಲಯ 2023ರಲ್ಲಿ ಆರಂಭವಾಯಿತು. ಆವರಣ ಇರುವುದು ಬೀದರ್ ನಗರದಲ್ಲಲ್ಲ, ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ. ಪರೀಕ್ಷೆ ಬರೆಯುವ ಅಭ್ಯರ್ಥಿಗಳು ತಪ್ಪುವುದು ಇಲ್ಲೇ. ಅದಕ್ಕೂ ಮುಂಚೆ ಜಿಲ್ಲೆಯ ಕಾಲೇಜುಗಳು 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಔರಾದ್‌ನ ವಿದ್ಯಾರ್ಥಿ ಒಂದು ಅಂಕಪಟ್ಟಿಗಾಗಿ ನೂರು ಕಿ.ಮೀ.ಗೂ ದೂರದ ಕಲಬುರಗಿಗೆ ಹೋಗಬೇಕಿತ್ತು.

2025ರ ಫೆಬ್ರುವರಿಯಲ್ಲಿ ಕರ್ನಾಟಕ ಸಚಿವ ಸಂಪುಟದ ಉಪಸಮಿತಿ ರಾಜ್ಯದ ಹೊಸ 10 ವಿಶ್ವವಿದ್ಯಾಲಯಗಳಲ್ಲಿ 9ನ್ನು ಮುಚ್ಚಲು ಒಲವು ತೋರಿತು. ಹಣದ ಕೊರತೆಯೇ ಮುಖ್ಯ ಕಾರಣ. ಉಳಿಸಬೇಕೆಂದದ್ದು ಬೀದರ್ ಒಂದನ್ನೇ. ಆದರೆ ಉಳಿಯುವುದು ಬೇರೆ, ಬೆಳೆಯುವುದು ಬೇರೆ. ಕಾಯಂ ಬೋಧಕರು, ಪ್ರಯೋಗಾಲಯ, ಗ್ರಂಥಾಲಯ ಇಲ್ಲದೆ ಫಲಕ ಮಾತ್ರ ವಿಶ್ವವಿದ್ಯಾಲಯವಾಗದು.

ನೆನಪಿಡಿ: ಯುಜಿಸಿ ಕಾಯ್ದೆ 1956ರ ಕಲಂ 12(ಬಿ) ಮಾನ್ಯತೆ ಕೇಂದ್ರದ ನೆರವಿಗೆ ಅಗತ್ಯ. ಬೀದರ್ ಸೇರಿದ ಈ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ 98ನೇ ತಿದ್ದುಪಡಿಯಿಂದ ಬಂತು.

ಅನುದಾನದ ಇದೇ ಪ್ರಶ್ನೆ ಯುರೋಪಿನಲ್ಲೂ ಏಳುತ್ತದೆ; ಅಲ್ಲಿ ಪೈಪೋಟಿ ಭದ್ರತೆಯ ವೆಚ್ಚದೊಂದಿಗೆ. ನ್ಯಾಟೊ ದೇಶಗಳು 2014ರಲ್ಲಿ ರಕ್ಷಣೆಗೆ ಜಿಡಿಪಿಯ 2% ಗುರಿ ಇಟ್ಟುಕೊಂಡವು. ಉಕ್ರೇನ್ ಯುದ್ಧದ ನಡುವೆ, 2025ರ ಹೇಗ್ ಶೃಂಗಸಭೆಯಲ್ಲಿ 2035ರೊಳಗೆ 5% ಎಂದು ಒಪ್ಪಿದವು: 3.5% ನೇರ ರಕ್ಷಣೆಗೆ, 1.5% ಮೂಲಸೌಕರ್ಯ ಮುಂತಾದವಕ್ಕೆ. ಬೊಕ್ಕಸ ಒಂದೇ ಆದ್ದರಿಂದ ಅಲ್ಲಿಯ ವಿಶ್ವವಿದ್ಯಾಲಯಗಳ ಮೇಲೂ ಒತ್ತಡ ಬೀಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಲ್ಲಿ ರಕ್ಷಣೆಗೆ ಗುರಿ ಇಟ್ಟಂತೆ ಭಾರತದಲ್ಲಿ ಶಿಕ್ಷಣಕ್ಕೂ ಗುರಿಯಿದೆ: ಜಿಡಿಪಿಯ 6% ಗುರಿ ಕೊಠಾರಿ ಆಯೋಗದ (1964–66) ಕಾಲದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಮತ್ತೆ ಹೇಳಿದೆ.