ಸೈನ್ಯಕ್ಕಿಂತ ಮೊದಲೇ ಬಂದ ಸುದ್ದಿ

ಮಗಳೇ, ವಿದೇಶಾಂಗ ಸೇವೆಗೆ ಹೋಗಬೇಕೆಂದು ಓದುತ್ತಿದ್ದೀಯ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಜಿನೀವಾ, ವೆನಿಸ್‌ನಂಥ ಪುಟ್ಟ ಗಣರಾಜ್ಯಗಳ ಗತಿ ಏನಾಯಿತೆಂದು ಓದು. ಅದರ ಜೊತೆಗೆ, ನೀನು ಹುಟ್ಟಿ ಬೆಳೆದ ಈ ಕೊಯಮತ್ತೂರೂ ಅದೇ ಬಿರುಗಾಳಿಗೆ ಸಿಕ್ಕಿದ್ದನ್ನು ತಿಳಿದುಕೋ.

1792ರಲ್ಲಿ ಮೈಸೂರಿನ ಸುಲ್ತಾನ ಟಿಪ್ಪು ಇಂಗ್ಲಿಷರಿಗೂ ಅವರ ಮಿತ್ರರಿಗೂ ಸೋತು ಅರ್ಧ ರಾಜ್ಯ ಬಿಟ್ಟುಕೊಟ್ಟಾಗಲೂ ಕೊಯಮತ್ತೂರು ಮೈಸೂರಿನ ಕೈಯಲ್ಲೇ ಉಳಿಯಿತು. ಕಳೆದದ್ದನ್ನು ಮರಳಿ ಪಡೆಯಲು ಅವನಿಗೆ ಫ್ರೆಂಚರ ಬಲ ಬೇಕಿತ್ತು. 1788ರಲ್ಲಿ ಅವನ ರಾಯಭಾರಿಗಳು ಕಂಡದ್ದು 16ನೇ ಲೂಯಿಯನ್ನು. 1793ರಲ್ಲಿ ಆ ದೊರೆಯ ತಲೆಯೇ ಉರುಳಿತು. ಇನ್ನು ಮಾತಾಡಬೇಕಾದ್ದು ಗಣರಾಜ್ಯದ ಜೊತೆ. ಟಿಪ್ಪುವಿನ ಇಬ್ಬರು ದೂತರು ಮಾರಿಷಸ್‌ಗೆ ಹೋದರು. ಎಲ್ಲವೂ ಗುಟ್ಟಾಗಿ ನಡೆಯಬೇಕೆಂಬುದು ಅವನ ಇಚ್ಛೆ. ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ತಿಕ್‌ನ ಹತ್ತಿರ ಕಳಿಸಲು ಸೈನ್ಯವೇ ಇರಲಿಲ್ಲ. ಆದರೂ ದೂತರನ್ನು ಅದ್ದೂರಿಯಾಗಿ ಬರಮಾಡಿಕೊಂಡ. 1798ರ ಜನವರಿ 30ರಂದು, ಇಂಗ್ಲಿಷರನ್ನು ಓಡಿಸಲು ಟಿಪ್ಪು ನೆರವು ಕೇಳಿದ್ದಾನೆ, ಸೇರುವವರು ಬನ್ನಿ ಎಂದು ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿದ. ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು. ಪ್ರಕಟಣೆ ಮಾತ್ರ ಕಲ್ಕತ್ತೆಗೂ ಮುಟ್ಟಿತು, ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧದ ನೆವ ಸಿಕ್ಕಿತು.

ವೆಲ್ಲೆಸ್ಲಿ ಹೇಗಿದ್ದರೂ ಯುದ್ಧಕ್ಕೆ ಬರುತ್ತಿದ್ದ ಎನ್ನುವವರಿದ್ದಾರೆ. ಬರುತ್ತಿದ್ದನೇನೋ. ಆದರೆ ಬಲ ಕಡಿಮೆ ಇದ್ದವರಿಗೆ ಆರು ತಿಂಗಳ ಬಿಡುವೂ ದೊಡ್ಡ ಆಸ್ತಿ. ಟಿಪ್ಪು ಕಳೆದುಕೊಂಡದ್ದು ಅದನ್ನು. ನಾಳೆ ನಿನ್ನ ಮೇಜಿಗೆ ಯಾವುದಾದರೂ ದೇಶದ ಸ್ನೇಹಪತ್ರ ಬಂದರೆ, ಅದರ ಮಾತು ಎಷ್ಟು ಚೆಂದವಿದೆ ಎಂದು ನೋಡಬೇಡ. ಬರೆದವನಿಗೆ ಕೊಡುವ ಶಕ್ತಿ ಇದೆಯೇ, ಬಾಯಿ ಕಟ್ಟಿಕೊಂಡಿರುವ ಸಂಯಮ ಇದೆಯೇ, ಇವೆರಡನ್ನು ವಿಚಾರಿಸು.

ಆ ಯುದ್ಧದಲ್ಲಿ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರಿನ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಆದರೂ ಕೊಂಗುನಾಡು ಸುಮ್ಮನಿರಲಿಲ್ಲ. ಕಾಂಗೇಯದ ಕಡೆಯ ಧೀರನ್ ಚಿನ್ನಮಲೈ, ವಿರೂಪಾಕ್ಷಿಯ ಗೋಪಾಲ ನಾಯಕ ಮೊದಲಾದವರ ಕೂಟ ಕನ್ನಡನಾಡಿನಲ್ಲಿ ಕಂಪನಿಯ ವಿರುದ್ಧ ಬಂಡೆದ್ದಿದ್ದ ಧೋಂಡಿಯ ವಾಘ್‌ನವರೆಗೂ ಸಂಬಂಧ ಬೆಳೆಸಿತು. 1800ರ ಜೂನ್ 3ರಂದು, ಮೊಹರಂ ದಿನ, ಕೊಯಮತ್ತೂರು ಕೋಟೆಯ ಮೇಲೆ ಬೀಳುವುದೆಂದು ನಿಶ್ಚಯವಾಯಿತು. ಧೋಂಡಿಯನ ಕುದುರೆ ಸವಾರರು ಹೊತ್ತಿಗೆ ಬರಲಿಲ್ಲ. ಸಂಚು ಬಯಲಾಗಿ ಹಲವರು ಗಲ್ಲಿಗೇರಿದರು. ಸೆಪ್ಟೆಂಬರ್ 10ರಂದು ಧೋಂಡಿಯನೂ ಮಡಿದ. ಚಿನ್ನಮಲೈಯನ್ನು 1805ರಲ್ಲಿ ಸಂಕಗಿರಿಯಲ್ಲಿ ಗಲ್ಲಿಗೇರಿಸಿದರು. ಇವರ ಎದೆಗಾರಿಕೆಯ ಬಗ್ಗೆ ನನಗೆ ಅಪಾರ ಗೌರವವಿದೆ, ನಿನಗೂ ಇರಲಿ. ಅವರು ಧೋಂಡಿಯನ ಸಂಬಂಧ ಬೆಳೆಸಿದ್ದು ಸರಿಯೇ. ಅಷ್ಟು ದೂರದ ಸವಾರರನ್ನು ಒಂದೇ ದಿನಕ್ಕೆ ಕಟ್ಟಿಹಾಕಿದ್ದು ಮಾತ್ರ ನನ್ನನ್ನು ಇಂದಿಗೂ ಕಾಡುತ್ತದೆ.

ಇದನ್ನೆಲ್ಲ ಓದುವಾಗ ಭೂಪಟ ಬಿಚ್ಚಿಟ್ಟುಕೋ. ನೆಪೋಲಿಯನ್ ಈಜಿಪ್ಟಿನಿಂದ ಟಿಪ್ಪುವಿಗೆ ಪತ್ರ ಬರೆದದ್ದು 1799ರ ಜನವರಿಯಲ್ಲಿ; ಅದು ಇಂಗ್ಲಿಷರ ಕೈ ಸೇರಿತು. ಫೆಬ್ರವರಿಯಲ್ಲಿ ವೆಲ್ಲೂರಿನಿಂದ ಹೊರಟ ಇಂಗ್ಲಿಷ್ ಸೇನಾಪತಿ ಹ್ಯಾರಿಸ್‌ನ ಸೈನ್ಯ ಮೇ 4ಕ್ಕೆ ಶ್ರೀರಂಗಪಟ್ಟಣದ ಕೋಟೆಯೊಳಗಿತ್ತು. ಕೈರೋದಿಂದ ಎಷ್ಟು ದೂರ, ವೆಲ್ಲೂರಿನಿಂದ ಎಷ್ಟು ದೂರ, ನೀನೇ ಅಳೆದು ನೋಡು.