ಸಲ್ಲೇಖನಾ ವ್ರತವೂ ಮುಂಗಡ ವೈದ್ಯಕೀಯ ನಿರ್ದೇಶನವೂ

ಗುಣವಾಗುವ ಆಸೆಯಿಲ್ಲದ ರೋಗಿಗೆ ಯಂತ್ರಾಧಾರದ ಚಿಕಿತ್ಸೆಯನ್ನು ನಿಲ್ಲಿಸಿ, ಘನತೆಯಿಂದ ಮರಣ ಹೊಂದಲು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಅವಕಾಶ ನೀಡಿತು. 2023ರಲ್ಲಿ ಅದರ ನಿಯಮಗಳನ್ನು ಸರಳಗೊಳಿಸಿತು. ಅದನ್ನು ಆಚರಣೆಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಇದು ನಮ್ಮ ಸಲ್ಲೇಖನೆಯೇ ಅಲ್ಲವೇ ಎಂಬ ಪ್ರಶ್ನೆ ಶ್ರಾವಕರಲ್ಲಿ ಏಳುವುದು ಸಹಜ. ಎರಡೂ ಒಂದಲ್ಲ. ಈ ಭೇದವನ್ನು ಅರಿಯದಿದ್ದರೆ ವ್ರತಕ್ಕೂ ರೋಗಿಗೂ ಅನ್ಯಾಯವಾಗುತ್ತದೆ.

ಕಾನೂನಿನ ಕ್ರಮ: ಔಷಧ ಕೊಟ್ಟು ಪ್ರಾಣ ತೆಗೆಯುವುದು ನಮ್ಮ ದೇಶದಲ್ಲಿ ಅಪರಾಧವೇ ಸರಿ. ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ ಮಾತ್ರ ಅನುಮತಿಯುಂಟು. ಸ್ವಸ್ಥಚಿತ್ತನಾದ ವಯಸ್ಕನು ತನ್ನ ಇಚ್ಛೆಯನ್ನು ಬರೆದು, ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ತನ್ನ ಪರವಾಗಿ ನಿರ್ಧರಿಸುವ ಬಂಧುಗಳನ್ನು ಹೆಸರಿಸಬೇಕು. ಮುಂದೆ ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಆಚರಣೆಯ ತೊಡಕು: ಪತ್ರದ ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ, ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಗೆ, ಒಪ್ಪಿಸಬೇಕು. ಪತ್ರವು ಕುಂದಾಣದಲ್ಲಿದ್ದು, ಬರೆದವನು ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರೆ, ಅದರ ಅರಿವಿಲ್ಲದ ಮಕ್ಕಳು ವೈದ್ಯರಿಗೆ ಏನು ಹೇಳಿಯಾರು?

ಶಾಸ್ತ್ರದ ಕ್ರಮ: ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಒದಗಿದಾಗ ಧರ್ಮಕ್ಕಾಗಿ ದೇಹವನ್ನು ತ್ಯಜಿಸುವುದೇ ಸಲ್ಲೇಖನೆಯೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ತತ್ತ್ವಾರ್ಥಸೂತ್ರವು ಜೀವಿತದ ಆಸೆ, ಮರಣದ ಆಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ ಎಂಬ ಐದು ಅತಿಚಾರಗಳನ್ನು ಹೇಳುತ್ತದೆ. ಮರಣವನ್ನು ಬಯಸುವುದೇ ದೋಷವಾದ ಮೇಲೆ, ನೋವಿಗೆ ಹೆದರಿ ಸಾವನ್ನು ಕರೆಯುವುದು ವ್ರತವಾಗದು. ಬೆಳಗಾವಿ ಜಿಲ್ಲೆಯ ಭೋಜದವರಾದ ಆಚಾರ್ಯ ಶಾಂತಿಸಾಗರರು ದೃಷ್ಟಿ ಮಂದವಾಗಿ ಮುನಿವ್ರತಗಳ ಪಾಲನೆ ಕಷ್ಟವಾದಾಗ ಕುಂಥಲಗಿರಿಯಲ್ಲಿ ಸಲ್ಲೇಖನೆಯನ್ನು ಸ್ವೀಕರಿಸಿ, 1955ರ ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು. ಅವರನ್ನು ನಡೆಸಿದ್ದು ವ್ರತರಕ್ಷಣೆಯ ಎಚ್ಚರ.

ಗೃಹಸ್ಥರಿಗೆ ಸೂಚನೆ: ಪ್ರಜ್ಞೆಯಿಲ್ಲದವನು ವ್ರತವನ್ನು ಸ್ವೀಕರಿಸಲಾರ, ಅವನ ಪರವಾಗಿ ಮಕ್ಕಳೂ ಸ್ವೀಕರಿಸಲಾರರು. ಅವನು ಬರೆದಿಟ್ಟಂತೆ ಯಂತ್ರವನ್ನು ತೆಗೆದರೆ ಅದು ಅವನ ಇಚ್ಛೆಯ ಪಾಲನೆಯೇ ಹೊರತು ಸಲ್ಲೇಖನೆಯಲ್ಲ. ಆಸ್ಪತ್ರೆಯ ಖರ್ಚಿಗೆ ಬೇಸತ್ತವರು ಆ ಹೆಸರನ್ನು ಬಳಸುವುದಂತೂ ವ್ರತಕ್ಕೆ ಮಾಡುವ ಅಪಚಾರ. ರಾಜಸ್ಥಾನ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಈ ವ್ರತವನ್ನು ಆತ್ಮಹತ್ಯೆಗೆ ಸಮವೆಂದಿತು; ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ನಾವೇ ಹೆಸರುಗಳನ್ನು ಬೆರೆಸಿದರೆ ಅಂತಹ ಆಕ್ಷೇಪಕ್ಕೆ ಉತ್ತರ ಕೊಡುವುದು ಹೇಗೆ?

ಆದುದರಿಂದ ಮನಸ್ಸು ತಿಳಿಯಾಗಿರುವಾಗಲೇ ಹಿರಿಯರು ತಮ್ಮ ಇಚ್ಛೆಯನ್ನು ಬರೆದಿಡಲಿ. ಪತ್ರ ಎಲ್ಲಿದೆಯೆಂದು ಮನೆಯವರೆಲ್ಲರಿಗೂ ತಿಳಿಸಲಿ. ವ್ರತದ ಅಭಿಲಾಷೆಯುಳ್ಳವರು ಇಂದಿನಿಂದಲೇ ಪರ್ವದಿನಗಳ ಉಪವಾಸದಿಂದಲೂ ಕ್ಷಮಾಭಾವದಿಂದಲೂ ಕಷಾಯಗಳನ್ನು ಕೃಶಗೊಳಿಸುತ್ತ ಬರಲಿ.